ಓದಲೊಲ್ಲದ ಬಾಲಕರೂ ನಗಿಸುವ ಕಳ್ಳನ ಕಥೆಗಳೂ

ದಾಕ್ಷಿಣಾತ್ಯ ಜನಪದದ ಮಹಿಳಾರೋಪ್ಯವೆಂಬ ನಗರದಲ್ಲಿ ಅಮರಶಕ್ತಿಯೆಂಬ ಅರಸನಿದ್ದನೆಂದೂ, ಅವನಿಗೆ ಬಹುಶಕ್ತಿ, ಉಗ್ರಶಕ್ತಿ, ಅನಂತಶಕ್ತಿ ಎಂಬ ಮೂವರು ಮಕ್ಕಳಿದ್ದರೆಂದೂ ಪಂಚತಂತ್ರದ ಕಥಾಮುಖದಲ್ಲಿ ಹೇಳಿದೆ. ಹೆಸರುಗಳಲ್ಲಿ ಶಕ್ತಿಗೆ ಕೊರತೆಯಿರಲಿಲ್ಲ. ಓದೆಂದರೆ ಮಾತ್ರ ಮೂವರಿಗೂ ಆಗದು. ಅರಸನು ಮಂತ್ರಿಗಳನ್ನು ಕರೆದು ಉಪಾಯವನ್ನು ಕೇಳಲು, ವ್ಯಾಕರಣವೊಂದಕ್ಕೇ ಹನ್ನೆರಡು ವರ್ಷಗಳು ಬೇಕು, ಅನಂತರ ಧರ್ಮಶಾಸ್ತ್ರ, ಅರ್ಥಶಾಸ್ತ್ರ ಮೊದಲಾದುವು, ಆಮೇಲೆ ಜ್ಞಾನೋದಯ ಎಂದು ಅವರಲ್ಲೊಬ್ಬನು ಲೆಕ್ಕ ಹಾಕಿದನು. ಆಗ ಸುಮತಿಯೆಂಬ ಮಂತ್ರಿಯು ಬೇರೊಂದು ಮಾರ್ಗವನ್ನು ತೋರಿಸಿ ವಿಷ್ಣುಶರ್ಮನನ್ನು ಕರೆಯಿಸಿದನು. ಎಂಬತ್ತು ವರ್ಷದ ಆ ವೃದ್ಧನು ಅರಸನು ಕೊಡಲೊಪ್ಪಿದ ನೂರು ಶಾಸನಗಳನ್ನು ಬೇಡವೆಂದು, ಆರು ತಿಂಗಳೊಳಗಾಗಿ ಮಕ್ಕಳನ್ನು ನೀತಿಶಾಸ್ತ್ರಜ್ಞರನ್ನಾಗಿ ಮಾಡುವೆನೆಂದು ಪ್ರತಿಜ್ಞೆಗೈದು, ಅವರನ್ನು ತನ್ನ ಮನೆಗೆ ಕರೆದುಕೊಂಡು ಹೋದನು.

ಆ ರಾಜಕುಮಾರರನ್ನು ಗ್ರಂಥವು ದುರ್ಮೇಧಸ್ಸುಗಳೆಂದೂ ಹೇಳುವುದು, ಶಾಸ್ತ್ರವಿಮುಖರೆಂದೂ ಹೇಳುವುದು. ಇವೆರಡರಲ್ಲಿ ಎರಡನೆಯ ಮಾತನ್ನೇ ಹೆಚ್ಚಾಗಿ ಪರಿಭಾವಿಸಬೇಕು. ವಿಮುಖನೆಂದರೆ ಮುಖವನ್ನು ಅತ್ತ ತಿರುಗಿಸಿಕೊಂಡವನು, ಬುದ್ಧಿಯಿಲ್ಲದವನಲ್ಲ. ಪುಸ್ತಕವನ್ನು ಕಂಡೊಡನೆ ಆಕಳಿಸುವ ಹದಿಮೂರು ವರ್ಷದ ಹುಡುಗನು ಚೆಂಡಾಟದ ಅಂಕಗಳನ್ನು ವರ್ಷಗಳ ಹಿಂದಿನಿಂದ ಒಪ್ಪಿಸಬಲ್ಲನು. ಕೆಟ್ಟ ಸೈಕಲನ್ನು ಬಿಚ್ಚಿ ಜೋಡಿಸಬಲ್ಲನು. ಅಜ್ಜಿಯ ಕಥೆಗಳು ಆ ವಯಸ್ಸಿಗೆ ಸಪ್ಪೆಯಾಗಿರುವುವು. ದೊಡ್ಡವರ ಕಾವ್ಯನಾಟಕಗಳು ಇನ್ನೂ ಎಟುಕವು. ಈ ನಡುಗಾಲದಲ್ಲಿ ಸೋದರಮಾವನು ಹುಟ್ಟುಹಬ್ಬಕ್ಕೆ ತಂದುಕೊಟ್ಟ ಮಹಾಪುರುಷರ ಚರಿತ್ರೆಯು ಹೊಚ್ಚಹೊಸದಾಗಿಯೇ ಕಪಾಟಿನಲ್ಲಿ ಕುಳಿತಿರುವುದು. ಇಂತಹವನ ಮುಖವನ್ನು ಪುಸ್ತಕದ ಕಡೆಗೆ ತಿರುಗಿಸಬಲ್ಲ ವಸ್ತುಗಳು ಎರಡು: ತಿಳಿಯದ ಸಂಗತಿಯೊಂದನ್ನು ತಿಳಿಯಬೇಕೆಂಬ ಚಪಲ, ಮತ್ತು ನಗು. ಇವೆರಡೂ ಕೂಡಿದಾಗ ಹುಟ್ಟುವುದೇ ನಗಿಸುವ ಪತ್ತೇದಾರಿ ಕಥೆ. ಹಿರಿಯರು ಈ ಜಾತಿಯ ಪುಸ್ತಕಗಳನ್ನು ಬಹುಕಾಲ ಸಂಶಯದಿಂದಲೇ ನೋಡಿದರು. ಅವು ಬಾಲಕರ ಕೈಗೆ ಯೋಗ್ಯವಾದ ರೂಪದಲ್ಲಿ ಬಂದ ಬಗೆಯು ಒಂದು ಸಣ್ಣ ಇತಿಹಾಸವಾಗಿದೆ.

ವಿಷ್ಣುಶರ್ಮನ ಕೌಶಲವು ಪ್ರಾಣಿಗಳಿಂದ ಮಾತನಾಡಿಸಿದುದರಲ್ಲಿ ಮಾತ್ರವಿಲ್ಲ. ಅವನ ಪಾತ್ರಗಳಲ್ಲಿ ಒಂದು, ಇಂತಹವನು ಇಂತಹ ಕೆಲಸದಿಂದ ಕೆಟ್ಟನೆಂದು ಅರ್ಧ ಮಾತನ್ನಾಡಿ ನಿಲ್ಲಿಸುವುದು. ಕೇಳುವ ಪಾತ್ರವು ಅದು ಹೇಗೆಂದು ಕೇಳುವುದು. ಆ ಪ್ರಶ್ನೆಯಿಂದಲೇ ಕಥೆಯು ಹೊರಡುವುದು. ಗ್ರಂಥದ ಆದ್ಯಂತ ಇದೇ ಕೊಂಡಿ. ಕುತೂಹಲವನ್ನು ಕೆರಳಿಸದೆ ಆ ವೃದ್ಧನು ಒಂದು ಕಥೆಯನ್ನೂ ಆರಂಭಿಸನು.

ಮಿತ್ರಭೇದವೆಂಬ ಮೊದಲನೆಯ ತಂತ್ರದಲ್ಲಿಯೇ ಕಳವಿನ ಕಥೆಗಳೆರಡಿವೆ. ಒಂದರಲ್ಲಿ ವರ್ತಕಪುತ್ರನೊಬ್ಬನು ಸಹಸ್ರಪಲ ತೂಕದ ಕಬ್ಬಿಣದ ತಕ್ಕಡಿಯನ್ನು ಪರಿಚಿತನೊಬ್ಬನಲ್ಲಿ ಇಟ್ಟು ದೇಶಾಂತರಕ್ಕೆ ಹೋಗಿ ಬಂದು ಕೇಳಲು, ಇಲಿಗಳು ತಿಂದುಹೋದುವೆಂದು ಉತ್ತರ ಬರುವುದು. ವರ್ತಕಪುತ್ರನು ಜಗಳವಾಡುವುದಿಲ್ಲ. ಸ್ನಾನಕ್ಕೆಂದು ಆ ಮನೆಯ ಹುಡುಗನನ್ನು ನದಿಗೆ ಕರೆದುಕೊಂಡು ಹೋಗಿ, ಗುಹೆಯೊಂದರಲ್ಲಿ ಅಡಗಿಸಿ ಬಂದು, ನಿನ್ನ ಮಗನನ್ನು ಗಿಡುಗವು ಎತ್ತಿಕೊಂಡು ಹೋಯಿತೆಂದು ಹೇಳುವನು. ವ್ಯಾಜ್ಯವು ಧರ್ಮಾಧಿಕಾರಿಗಳ ಮುಂದೆ ಬರುವುದು. ಗಿಡುಗವು ಹುಡುಗನನ್ನು ಎತ್ತುವುದುಂಟೇ ಎಂದು ಅವರು ಕೇಳುವರು. ಇಲಿಗಳು ಕಬ್ಬಿಣವನ್ನು ತಿನ್ನುವ ಊರಿನಲ್ಲಿ ಗಿಡುಗವು ಆನೆಯನ್ನೂ ಎತ್ತೀತೆಂದು ಇವನ ಉತ್ತರ. ಸಭೆ ನಗುವುದು, ತಕ್ಕಡಿ ಇತ್ತ, ಮಗ ಅತ್ತ. ಯಾರಿಗೂ ಒಂದು ಗೀರು ಗಾಯವೂ ಇಲ್ಲ.

ಇನ್ನೊಂದು, ಧರ್ಮಬುದ್ಧಿ ಮತ್ತು ಪಾಪಬುದ್ಧಿಗಳ ಕಥೆ. ಇಬ್ಬರೂ ಸಂಪಾದಿಸಿ ತಂದ ಹಣವನ್ನು ಮರದಡಿಯಲ್ಲಿ ಹೂಳುವರು. ಪಾಪಬುದ್ಧಿಯು ಇರುಳಿನಲ್ಲಿ ಅದನ್ನು ಅಗೆದೊಯ್ದು, ಮಿತ್ರನ ಮೇಲೆಯೇ ಕಳವನ್ನು ಹೊರಿಸಿ, ಮರವೇ ಸಾಕ್ಷಿ ನುಡಿಯಲೆಂದು ಹೇಳಿ, ತನ್ನ ತಂದೆಯನ್ನು ಪೊಟರೆಯಲ್ಲಿ ಕೂರಿಸುವನು. ಮರವು ಮಾತನಾಡಿತೆಂದು ಸಭೆಯೆಲ್ಲವೂ ಬೆರಗಾದಾಗ ಧರ್ಮಬುದ್ಧಿಯೊಬ್ಬನು ಬೆರಗಾಗದೆ ಪೊಟರೆಯ ಸುತ್ತ ಸೌದೆಯನ್ನೊಟ್ಟಿ ಬೆಂಕಿಯಿಡುವನು. ಸಾಕ್ಷಿಯನ್ನು ಪರೀಕ್ಷಿಸುವುದಕ್ಕೆ ಇದಕ್ಕಿಂತ ಚುರುಕಾದ ವಿಧಾನವು ಯಾವ ಪತ್ತೇದಾರನಿಗೆ ಹೊಳೆದೀತು? ಆದರೆ ಇಲ್ಲಿ ಮುದುಕನು ಬೆಂದು ಸಾಯುವನು. ನಗುವಿನ ಬಾಯಿ ಅರ್ಧದಲ್ಲಿಯೇ ಮುಚ್ಚುವುದು. ಎರಡೂ ಕಥೆಗಳನ್ನು ಮುಂದಿಟ್ಟುಕೊಂಡ ಉಪಾಧ್ಯಾಯನು ಓದಲೊಲ್ಲದ ಹುಡುಗನಿಗೆ ಮೊದಲು ತಕ್ಕಡಿಯನ್ನು ಕೊಟ್ಟು, ಪೊಟರೆಯನ್ನು ಒಂದೆರಡು ವರ್ಷ ತಡೆದು ಕೊಡುವುದು ಲೇಸು.

ಸಂಸ್ಕೃತದಲ್ಲಿ ಇಂತಹ ಸಾಮಗ್ರಿಗೆ ಬಡತನವಿಲ್ಲ. ದಂಡಿಯ ದಶಕುಮಾರಚರಿತದ ಅಪಹಾರವರ್ಮನು ಚಂಪಾನಗರದ ಲೋಭಿಗಳ ಮನೆಗಳಿಗೆ ಕನ್ನ ಹಾಕುವ ಪ್ರಕರಣವು ಹಾಸ್ಯಕ್ಕೂ ಚಾತುರ್ಯಕ್ಕೂ ಎಣೆಯಿಲ್ಲದುದು. ಆದರೆ ಅಲ್ಲಿ ಗಣಿಕೆಯರ ಸಂಗತಿಗಳು ಹೆಜ್ಜೆಹೆಜ್ಜೆಗೂ ಬರುವುದರಿಂದ, ಬಾಲಕರಿಗೆ ಅದನ್ನು ಪಾಠ ಹೇಳುವ ಪಂಡಿತನಿಗೆ ಪುಟಗಳನ್ನು ಹಾರಿಸುವುದರಲ್ಲಿಯೇ ಬೆವರು ಬರುವುದು. ಬೇತಾಳನ ಇಪ್ಪತ್ತೈದು ಕಥೆಗಳೂ ಅಂತಹವೇ: ಪ್ರತಿಯೊಂದೂ ಒಂದು ಒಗಟಿನಲ್ಲಿ ಮುಗಿಯುವುದು ಬಹು ಸೊಗಸು; ಒಳಗಿನ ವಸ್ತು ಎಲ್ಲವೂ ಎಳೆಯರಿಗೆ ತಕ್ಕುದಲ್ಲ.

ಪಾಶ್ಚಾತ್ಯ ಖಂಡದಲ್ಲಿ ಪತ್ತೇದಾರಿ ಕಥೆಯು ದೊಡ್ಡವರಿಗಾಗಿಯೇ ಹುಟ್ಟಿತು, ಅದೂ ರಕ್ತದಲ್ಲಿ. ಅಮೆರಿಕದ ಎಡ್ಗರ್ ಆಲನ್ ಪೋ 1841ರಲ್ಲಿ ಬರೆದ ಕಥೆಯಲ್ಲಿ ಎರಡು ಕೊಲೆಗಳು. ಕಾನನ್ ಡಾಯ್ಲನ ಷೆರ್ಲಾಕ್ ಹೋಮ್ಸನು 1887ರಲ್ಲಿ ಮೊದಲು ಕಾಣಿಸಿಕೊಂಡುದೂ ಹೆಣವೊಂದರ ಪಕ್ಕದಲ್ಲಿಯೇ. ಹುಡುಗರು ಇವನ್ನು ಕದ್ದು ಓದಿದರು. ಕೊಲೆಯಿಲ್ಲದೆ, ಆದರೆ ಹುಡುಗನ ಎದೆಯು ಡವಡವಿಸುವಂತೆ, ನಡುನಡುವೆ ನಗಿಸುತ್ತ, ಹುಡುಗರೇ ಪತ್ತೇದಾರರಾಗುವ ಪುಸ್ತಕವೊಂದು 1929ರಲ್ಲಿ ಬರ್ಲಿನ್ ನಗರದಲ್ಲಿ ಹೊರಬಿದ್ದು, ಈ ದಾರಿಯಲ್ಲಿ ಮುಂದೆ ಬಂದವರಿಗೆಲ್ಲ ಮಾದರಿಯಾಯಿತು. ಅದರ ಹೆಸರು ‘ಎಮಿಲ್ ಮತ್ತು ಪತ್ತೇದಾರರು’. ಬರೆದವನು ಎರಿಖ್ ಕೆಸ್ಟ್ನರ್.

ಕೆಸ್ಟ್ನರನು 1899ರಲ್ಲಿ ಡ್ರೆಸ್ಡೆನ್ ನಗರದಲ್ಲಿ ಜನಿಸಿದವನು. ತಾಯಿಯು ಹೆಂಗಸರ ಕೇಶಾಲಂಕಾರದ ಕೆಲಸ ಮಾಡಿ ಮಗನನ್ನು ಓದಿಸಿದಳು. ಅವನು ಮೊದಲು ಸೇರಿದುದು ಉಪಾಧ್ಯಾಯರನ್ನು ತರಬೇತು ಮಾಡುವ ಶಾಲೆಗೆ. 1917ರಲ್ಲಿ ಸೈನ್ಯಕ್ಕೆ ಎಳೆಯಲ್ಪಟ್ಟನು. ಹಿಂದಿರುಗಿದ ಮೇಲೆ ತಾನು ಉಪಾಧ್ಯಾಯನಾಗತಕ್ಕವನಲ್ಲವೆಂದು ತಿಳಿದು ಆ ವೃತ್ತಿಯನ್ನು ಬಿಟ್ಟು, ವಿಶ್ವವಿದ್ಯಾನಿಲಯದಲ್ಲಿ ಓದಿ, ಪತ್ರಿಕೆಗಳಿಗೆ ಚುಚ್ಚುಮಾತಿನ ಪದ್ಯಗಳನ್ನು ಬರೆಯುತ್ತ ಬರ್ಲಿನಿಗೆ ಬಂದನು. ಉಪಾಧ್ಯಾಯವರ್ಗಕ್ಕೆ ನಷ್ಟವಾದುದು ಬಾಲಕರಿಗೆ ಲಾಭವಾಯಿತೆನ್ನಬೇಕು. ಮಕ್ಕಳಿಗಾಗಿ ಬರೆಯಬೇಕೆಂಬ ಯೋಚನೆಯೂ ಅವನದಲ್ಲ. ಈಡಿತ್ ಯಾಕೊಬ್‌ಸೋನ್ ಎಂಬ ಪ್ರಕಾಶಕಿಯದು. ಇಂಗ್ಲಿಷಿನ ಒಳ್ಳೆಯ ಮಕ್ಕಳ ಪುಸ್ತಕಗಳನ್ನು ಜರ್ಮನ್ ಭಾಷೆಗೆ ತರಿಸಿ ಅಚ್ಚು ಹಾಕಿಸುತ್ತಿದ್ದ ಆಕೆಯು, ನೀವೇಕೆ ಮಕ್ಕಳಿಗೊಂದು ಕಾದಂಬರಿ ಬರೆಯಬಾರದೆಂದು ಈ ವಿಡಂಬನಕವಿಯನ್ನು ಕೇಳಿದಳು. ಚಿತ್ರಗಳನ್ನು ಬರೆದವನು ವಾಲ್ಟರ್ ಟ್ರೀರ್.

ಪುಸ್ತಕವನ್ನು ತೆರೆದ ಹುಡುಗನಿಗೆ ಮೊದಲು ಸಿಕ್ಕುವುದು ಕಥೆಯಲ್ಲ, ಗ್ರಂಥಕರ್ತನ ಫಜೀತಿ. ಅವನು ದಕ್ಷಿಣಸಮುದ್ರದ ಕಾಡುಜನರ ಕಥೆಯನ್ನು ಬರೆಯಹೊರಟು, ತಿಮಿಂಗಿಲಕ್ಕೆ ಎಷ್ಟು ಕಾಲುಗಳೆಂಬುದು ನೆನಪಿಗೆ ಬಾರದೆ ನಿಂತುಹೋಗಿರುವನು. ಪರಿಚಯದ ಹೋಟೆಲು ಮಾಣಿಯೊಬ್ಬನು, ಕಂಡರಿಯದ ಸಂಗತಿಗಳನ್ನು ಬಿಟ್ಟು ಕಂಡುದನ್ನು ಬರೆಯಿರೆಂದು ಬುದ್ಧಿ ಹೇಳುವನು. ಓದಲೊಲ್ಲದವನ ಮೊದಲನೆಯ ಭಯವು ಇಲ್ಲಿಯೇ ಕರಗುವುದು. ಪುಸ್ತಕ ಬರೆಯುವವನಿಗೇ ಗೊತ್ತಿಲ್ಲದ ಮೇಲೆ ತನಗೆ ಗೊತ್ತಿಲ್ಲದಿರುವುದೇನು ಮಹಾ!

ಕಥೆಯ ಸಾರವಿಷ್ಟು. ನೊಯ್‌ಸ್ಟಾಟ್ ಎಂಬ ಊರಿನ ಬಡ ಹುಡುಗ ಎಮಿಲನು ಬರ್ಲಿನಿನಲ್ಲಿರುವ ಅಜ್ಜಿಯ ಮನೆಗೆ ಒಂಟಿಯಾಗಿ ರೈಲುಗಾಡಿಯಲ್ಲಿ ಹೊರಡುವನು. ತಾಯಿಯು ಕೂಡಿಟ್ಟ 140 ಮಾರ್ಕುಗಳು ಅವನ ಜೇಬಿನಲ್ಲಿ: ನೂರರ ನೋಟು ಒಂದು, ಇಪ್ಪತ್ತರವು ಎರಡು. ಕಳೆದುಹೋಗಬಾರದೆಂದು ಅವನ್ನು ಗುಂಡುಸೂಜಿಯಿಂದ ಅಂಗಿಯ ಒಳಪದರಕ್ಕೆ ಚುಚ್ಚಿಟ್ಟುಕೊಳ್ಳುವನು. ಗಟ್ಟಿಯಾದ ದುಂಡು ಟೋಪಿಯ ಸಹಪ್ರಯಾಣಿಕನೊಬ್ಬನು ಮಿಠಾಯಿ ಕೊಟ್ಟು, ಬರ್ಲಿನಿನ ಬಗ್ಗೆ ಇಲ್ಲದ ಸಲ್ಲದ ಸುಳ್ಳುಗಳನ್ನು ಹೇಳುವನು. ಎಮಿಲನಿಗೆ ನಿದ್ರೆ, ಎಚ್ಚೆತ್ತಾಗ ಹಣವಿಲ್ಲ, ಟೋಪಿಯವನೂ ಇಲ್ಲ. ಪೊಲೀಸರಿಗೆ ಹೇಳೋಣವೆಂದರೆ, ಊರಿನ ಗ್ರ್ಯಾಂಡ್ ಡ್ಯೂಕನ ವಿಗ್ರಹಕ್ಕೆ ತಾನು ಕೆಂಪು ಮೂಗನ್ನೂ ಕರಿ ಮೀಸೆಯನ್ನೂ ಬರೆದ ಅಪರಾಧವು ಹುಡುಗನನ್ನು ಬಾಧಿಸುತ್ತಿರುವುದು! ಹಿರಿಯರಿಗೆ ಇದು ನಗೆಗೆ ಕಾರಣ. ಎಮಿಲನಿಗೆ ನಿಜವಾದ ಗಂಡಾಂತರ. ನಗುವೂ ಭಯವೂ ಒಂದೇ ಸಂಗತಿಯಿಂದ ಹುಟ್ಟುವುದು ಈ ಗ್ರಂಥದ ವಿಶೇಷ ಗುಣ. ನಡುವೆ ವಿದೂಷಕನೊಬ್ಬನನ್ನು ತಂದು ನಿಲ್ಲಿಸಿ ನಗಿಸಿದುದಲ್ಲ.

ಬರ್ಲಿನಿನಲ್ಲಿ ಕಳ್ಳನ ಬೆನ್ನು ಹತ್ತಿದ ಎಮಿಲನಿಗೆ ಮೋಟಾರಿನ ಹಾರನ್ನು ಹಿಡಿದ ಗುಸ್ತಾವನೆಂಬ ಹುಡುಗನು ಗಂಟು ಬೀಳುವನು. ಅವನು ತನ್ನ ಬಳಗವನ್ನೆಲ್ಲ ಕೂಡಿಸುವನು. ಪ್ರೊಫೆಸರನೆಂಬ ಅಡ್ಡಹೆಸರಿನ ಕನ್ನಡಕದ ಹುಡುಗನು ಕೆಲಸಗಳನ್ನು ಹಂಚುವನು. ಪುಟ್ಟ ಡೀನ್‌ಸ್ಟಾಗನಿಗೆ ಬಂದ ಪಾಲು, ಮನೆಯಲ್ಲಿ ಟೆಲಿಫೋನಿನ ಪಕ್ಕದಲ್ಲಿ ಕುಳಿತು ಸುದ್ದಿ ಮುಟ್ಟಿಸುವುದು. ಅವನ ಹೆಸರಿನ ಅರ್ಥ ಮಂಗಳವಾರವೆಂದು! ಊರೆಲ್ಲ ಕಳ್ಳನನ್ನು ಅಟ್ಟುವಾಗ ಒಂದನ್ನೂ ಕಾಣದೆ ಒಬ್ಬನೇ ಕುಳಿತವನು ಅವನು. ಮರುದಿನ ಬೆಳಿಗ್ಗೆ ಕಳ್ಳನು ಹೋಟೆಲಿನಿಂದ ಹೊರಬರಲು, ನೂರಾರು ಹುಡುಗರ ಹಿಂಡು ಮಾತಿಲ್ಲದೆ ಅವನನ್ನು ಸುತ್ತುವರಿದು ನಡೆಯುವುದು. ಅವನು ಬ್ಯಾಂಕಿಗೆ ನುಗ್ಗಿ ನೋಟುಗಳನ್ನು ಬದಲಾಯಿಸಹೊರಟಾಗ, ಅವು ತನ್ನವೆಂದು ಎಮಿಲನು ಹೇಗೆ ತೋರಿಸಬೇಕು? ಆ ಗುಂಡುಸೂಜಿಯ ತೂತುಗಳೇ ಸಾಕ್ಷಿ. ಆಸಾಮಿಯು ರೈಲಿನಲ್ಲಿ ಒಂದು, ಹೋಟೆಲಿನಲ್ಲಿ ಒಂದು, ಠಾಣೆಯಲ್ಲಿ ಮತ್ತೊಂದು ಹೆಸರನ್ನು ಹೇಳಿ ಸಿಕ್ಕಿಬೀಳುವನು. ಅವನು ಹಳೆಯ ಬ್ಯಾಂಕು ಕಳ್ಳನೆಂದು ತಿಳಿದು ಎಮಿಲನಿಗೆ 1000 ಮಾರ್ಕುಗಳ ಬಹುಮಾನವು ದೊರೆಯುವುದು.

ಇಲ್ಲಿ ಸೂಕ್ಷ್ಮವೊಂದುಂಟು. ತೂತಿನ ಸಂಗತಿಯನ್ನು ಗ್ರಂಥಕರ್ತನು ರೈಲಿನಲ್ಲಿಯೇ ಓದುಗನ ಕಣ್ಣ ಮುಂದೆ ಇಟ್ಟಿದ್ದನು. ಚುರುಕಾದ ಹುಡುಗನು ಅದನ್ನು ನೆನಪಿಟ್ಟುಕೊಂಡು, ಬ್ಯಾಂಕಿನ ಗುಮಾಸ್ತನಿಗಿಂತ ಮೊದಲೇ ಕೂಗಿಬಿಡಬಹುದು. ಓದುಗನನ್ನು ಪತ್ತೇದಾರನನ್ನಾಗಿ ಮಾಡುವ ಪುಸ್ತಕಕ್ಕೂ, ಕೊನೆಯಲ್ಲಿ ಎಲ್ಲಿಂದಲೋ ಗುಪ್ತದ್ವಾರವೊಂದನ್ನು ತೆರೆದು ಅವನನ್ನು ಮೂಢನನ್ನಾಗಿ ಮಾಡುವ ಪುಸ್ತಕಕ್ಕೂ ಇದೇ ಭೇದ. ಕಳವಾದ ಹಣದ ಗಾತ್ರವೂ ಗಮನಾರ್ಹ. 140 ಮಾರ್ಕುಗಳ ಹಿಂದೆ ತಾಯಿಯ ಎಷ್ಟು ದಿನಗಳ ದುಡಿಮೆಯಿದೆಯೆಂಬುದು ಎಮಿಲನಿಗೆ ಗೊತ್ತು. ಮಹಾರಾಜನ ವಜ್ರವು ಕಳವಾದರೆ ಯಾವ ಹುಡುಗನ ಹೊಟ್ಟೆಯೂ ಅಷ್ಟು ಉರಿಯದು. ಕಡೆಯಲ್ಲಿ ಮನೆಮಂದಿಯೆಲ್ಲ ಕುಳಿತು ಈ ಪ್ರಸಂಗದ ನೀತಿಯೇನೆಂದು ಚರ್ಚಿಸುವರು. ಯಾರನ್ನೂ ನಂಬಬಾರದೆಂದು ಒಬ್ಬರು, ಮಕ್ಕಳನ್ನು ಒಂಟಿಯಾಗಿ ಕಳುಹಿಸಬಾರದೆಂದು ಒಬ್ಬರು. ಅಜ್ಜಿಯು ಎಲ್ಲವನ್ನೂ ತಳ್ಳಿಹಾಕಿ, ಹಣವನ್ನು ಮನಿಆರ್ಡರಿನಲ್ಲಿ ಕಳುಹಿಸಬೇಕೆಂಬುದೊಂದೇ ನೀತಿಯೆಂದು ತೀರ್ಪು ಕೊಡುವಳು. ವಿಷ್ಣುಶರ್ಮನೂ ಒಪ್ಪಬಹುದಾದ ಅರ್ಥಶಾಸ್ತ್ರವಿದು.

1931ರಲ್ಲಿ ಇದು ಚಲನಚಿತ್ರವಾಯಿತು. ಪುಸ್ತಕವು ಇಂಗ್ಲಿಷ್ ಮೊದಲಾದ ಅನೇಕ ಭಾಷೆಗಳಿಗೆ ಹೋಯಿತು. ಇಂಗ್ಲೆಂಡಿನ ಶಾಲೆಗಳಲ್ಲಿ ಜರ್ಮನ್ ಕಲಿಯುವ ಹುಡುಗರಿಗೆ ಪಾಠಪುಸ್ತಕವೂ ಆಯಿತು. ಅಷ್ಟರಲ್ಲಿ ಜರ್ಮನಿಯ ರಾಜ್ಯಾಧಿಕಾರವು ಹಿಟ್ಲರನ ಕೈಗೆ ಬಂದಿತು. ಯಾವುದನ್ನು ಓದಬೇಕು, ಯಾವುದನ್ನು ಓದಬಾರದೆಂಬ ಆಯ್ಕೆಯನ್ನು ತಾಯಿತಂದೆಗಳಿಂದಲೂ ಉಪಾಧ್ಯಾಯರಿಂದಲೂ ಕಸಿದು ಪ್ರಭುತ್ವವೇ ವಹಿಸಿಕೊಂಡಿತು. 1933ರ ಮೇ 10ರ ರಾತ್ರಿ ಬರ್ಲಿನಿನ ಅಪೆರಾ ಚೌಕದಲ್ಲಿ ವಿದ್ಯಾರ್ಥಿಗಳು ಪುಸ್ತಕಗಳ ರಾಶಿಗೆ ಬೆಂಕಿಯಿಟ್ಟಾಗ, ಹೆಸರು ಕೂಗಿ ಎಸೆದ ಗ್ರಂಥಕರ್ತರಲ್ಲಿ ಕೆಸ್ಟ್ನರನೂ ಒಬ್ಬನು. ಅವನು ಆ ಗುಂಪಿನಲ್ಲಿಯೇ ನಿಂತು ತನ್ನ ಕೃತಿಗಳು ಉರಿಯುವುದನ್ನು ನೋಡುತ್ತಿದ್ದನು. ಯಾರೋ ಗುರುತು ಹಿಡಿದು ಹೆಸರನ್ನು ಕೂಗಲು ಮೆಲ್ಲನೆ ಜಾರಿಕೊಂಡನು. ಅವನ ಪುಸ್ತಕಗಳಲ್ಲಿ ಬೆಂಕಿಯಿಂದ ಉಳಿದುದು ‘ಎಮಿಲ್’ ಒಂದೇ. ಅದನ್ನು ಮೆಚ್ಚದ ಮನೆಯಿರಲಿಲ್ಲವಾದುದರಿಂದ ಸುಡುವವರಿಗೂ ಅದನ್ನು ಮುಟ್ಟಲು ಧೈರ್ಯ ಸಾಲದಾಯಿತೆಂದು ತೋರುವುದು. ಆದರೆ ಕೆಲವು ವರ್ಷಗಳೊಳಗೆ ಅದಕ್ಕೂ ನಿಷೇಧ ಬಂದಿತು. ಯೆಹೂದ್ಯಳಾದ ಪ್ರಕಾಶಕಿಯು ದೇಶಭ್ರಷ್ಟಳಾಗಿ 1935ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡಳು. ಯೆಹೂದ್ಯನಾದ ಚಿತ್ರಕಾರ ಟ್ರೀರನು 1936ರಲ್ಲಿ ದೇಶವನ್ನು ಬಿಟ್ಟನು. ಅದೇ 1936ರ ಡಿಸೆಂಬರಿನ ಶಾಸನದಿಂದ ಜರ್ಮನಿಯ ಹುಡುಗರೆಲ್ಲರೂ ಹಿಟ್ಲರನ ಬಾಲಸಂಘಕ್ಕೆ ಒಳಪಟ್ಟವರಾದರು. ತಾವಾಗಿಯೇ ಕೂಡಿ, ಕೆಲಸ ಹಂಚಿಕೊಂಡು, ಕಳ್ಳನನ್ನು ಹಿಡಿದು ಚದುರಿದ ಎಮಿಲನ ಗೆಳೆಯರ ಸ್ಥಾನದಲ್ಲಿ ಸಮವಸ್ತ್ರದ ಸಾಲುಗಳು ನಿಂತುವು. ಚಲನಚಿತ್ರದಲ್ಲಿ ಎಮಿಲನಾಗಿದ್ದ ರೋಲ್ಫ್ ವೆಂಕ್‌ಹೌಸನೂ, ಪುಟ್ಟ ಡೀನ್‌ಸ್ಟಾಗನಾಗಿದ್ದ ಹಾನ್ಸ್ ಆಲ್ಬ್ರೆಖ್ಟ್ ಲೋರನೂ 1942ರಲ್ಲಿ ಯುದ್ಧದಲ್ಲಿ ಮಡಿದರು. ಕೆಸ್ಟ್ನರನು ದೇಶವನ್ನು ಬಿಡದೆ ಬದುಕುಳಿದು, 1960ರಲ್ಲಿ ಬಾಲಸಾಹಿತ್ಯಕ್ಕಾಗಿ ಆಂಡರ್ಸನ್ ಪದಕವನ್ನು ಪಡೆದು, 1974ರಲ್ಲಿ ತೀರಿಕೊಂಡನು.

ಇಂಗ್ಲೆಂಡಿನಲ್ಲಿ ಎನಿಡ್ ಬ್ಲೈಟನ್ ಎಂಬ ಲೇಖಿಕೆಯು 1943ರಲ್ಲಿ ಆರಂಭಿಸಿದ ಐವರು ಮಕ್ಕಳ ಪತ್ತೇದಾರಿ ಮಾಲೆಯು ನಮ್ಮ ದೇಶದ ಇಂಗ್ಲಿಷ್ ಓದುವ ಮನೆಗಳಲ್ಲಿ ಸುಪರಿಚಿತ. ಅಲ್ಲಿಯ ಗೂನ್ ಎಂಬ ಪೇದೆಯು ಸದಾ ಮೋಸಹೋಗುವುದನ್ನು ಓದಿ ನಗದ ಮಕ್ಕಳಿಲ್ಲ. ವೇಗವಾಗಿ ಓದಿಸಿಕೊಂಡು ಹೋಗುವ ಗುಣಕ್ಕೆ ಆಕೆಯನ್ನು ಮೆಚ್ಚಲೇಬೇಕು. ಆದರೆ ಎಮಿಲನ ತಾಯಿಯ ದುಡಿಮೆಯಂತಹ ಭಾರವು ಅಲ್ಲಿಲ್ಲ. ಒಂದನ್ನು ಓದಿದವನಿಗೆ ಮತ್ತೊಂದರ ನೆನಪು ಕಲಸಿಹೋಗುವುದು.

ಭಾರತದಲ್ಲಿ ಈ ಕಾರ್ಯವನ್ನು ಸಮರ್ಪಕವಾಗಿ ಮಾಡಿದವರು ವಂಗದೇಶದವರು. ಉಪೇಂದ್ರಕಿಶೋರ ರಾಯಚೌಧುರಿಯವರು 1913ರಲ್ಲಿ ಕಲ್ಕತ್ತೆಯಲ್ಲಿ ‘ಸಂದೇಶ್’ ಎಂಬ ಮಕ್ಕಳ ಮಾಸಪತ್ರಿಕೆಯನ್ನು ಹೊರಡಿಸಿದರು. ಸಂದೇಶವೆಂದರೆ ವಾರ್ತೆಯೂ ಹೌದು, ಬಂಗಾಳಿಗಳ ಸಿಹಿತಿಂಡಿಯೂ ಹೌದು. ನಿಂತುಹೋಗಿದ್ದ ಅದನ್ನು 1961ರಲ್ಲಿ ಮತ್ತೆ ಎತ್ತಿದವರು ಅವರ ಮೊಮ್ಮಗ ಸತ್ಯಜಿತ್ ರಾಯ್. ಚಲನಚಿತ್ರಗಳಿಂದ ಲೋಕಪ್ರಸಿದ್ಧರಾದ ಅವರು ತಮ್ಮ ಮನೆತನದ ಪತ್ರಿಕೆಯ ಪುಟಗಳನ್ನು ತುಂಬುವುದಕ್ಕಾಗಿ 1965ರಲ್ಲಿ ಫೆಲುದಾ ಎಂಬ ಪತ್ತೇದಾರನ ಕಥೆಯನ್ನು ಬರೆದರು. ಕಥೆಯನ್ನು ಹೇಳುವವನು ಅವನ ಎಳೆಯ ತಮ್ಮ ತೋಪ್‌ಶೆ. ಆದುದರಿಂದ ಓದುವ ಬಾಲಕನು ಆ ತಮ್ಮನ ಕಣ್ಣುಗಳಿಂದಲೇ ಎಲ್ಲವನ್ನೂ ನೋಡುವನು. ದೊಡ್ಡವರ ಶೃಂಗಾರಾದಿಗಳಿಗೆ ಅಲ್ಲಿ ಪ್ರವೇಶವಿಲ್ಲ. 1971ರಲ್ಲಿ ಬಂದ ‘ಸೋನಾರ್ ಕೆಲ್ಲಾ’ದಲ್ಲಿ ಜಟಾಯುವೆಂಬ ಕಾವ್ಯನಾಮದ ಲಾಲ್‌ಮೋಹನ ಗಾಂಗೂಲಿಯು ರೈಲಿನಲ್ಲಿ ಇವರಿಗೆ ಜೊತೆಯಾಗುವನು. ಅವನು ಸಾಹಸದ ಕಾದಂಬರಿಗಳನ್ನು ಬರೆದು ಮಾರುವವನು. ಒಂಟೆಯು ನೀರನ್ನು ಹೊಟ್ಟೆಯಲ್ಲಿ ಕೂಡಿಟ್ಟುಕೊಳ್ಳುವುದೆಂದು ನಂಬಿ ಬರೆದಿರುವವನು. ಫೆಲುದಾ ಅವನನ್ನು ತಿದ್ದುವನು. ಕೆಸ್ಟ್ನರನ ತಿಮಿಂಗಿಲದ ಕಾಲುಗಳನ್ನು ಬಲ್ಲವರಿಗೆ ಇಲ್ಲಿ ನಗು ಇಮ್ಮಡಿಸುವುದು. ಜಟಾಯುವಿನ ತಪ್ಪನ್ನು ಕಂಡು ನಗುವ ಹುಡುಗನು ಒಂಟೆಯ ಡುಬ್ಬದಲ್ಲಿರುವುದು ಕೊಬ್ಬೆಂಬುದನ್ನು ತಿಳಿದುಕೊಂಡೇ ಬಿಡುವನು. ಪಾಠ ಹೇಳಿದರೆಂದು ಅವನಿಗೆ ಅನಿಸುವುದೇ ಇಲ್ಲ.

ಕನ್ನಡದ ಸ್ಥಿತಿಯೇನು? 1950ರ ದಶಕದಿಂದ ಎನ್. ನರಸಿಂಹಯ್ಯನವರು ಬರೆದ ನೂರಾರು ಪತ್ತೇದಾರಿ ಕಾದಂಬರಿಗಳನ್ನು ಪಂಡಿತರು ಲೆಕ್ಕಕ್ಕೆ ಇಡಲಿಲ್ಲ. ಆದರೆ ಅವರ ಸಣ್ಣ ವಾಕ್ಯಗಳನ್ನು ಹಿಡಿದು ಕನ್ನಡದ ಓದನ್ನು ರೂಢಿಸಿಕೊಂಡವರ ಸಂಖ್ಯೆಯು ಅಲ್ಪವಲ್ಲ. ಪುರುಷೋತ್ತಮನೆಂಬ ಅವರ ಪತ್ತೇದಾರನ ಹೆಸರನ್ನು ಕೇಳಿದೊಡನೆ ಇಂದಿನ ಅಜ್ಜಂದಿರ ಮುಖವು ಅರಳುವುದು. ಅವು ಬಾಲಕರಿಗೆಂದು ಬರೆದುವಲ್ಲ; ಬಾಲಕರಿಗೆಂದು ಬರೆದುವು ಇಲ್ಲದುದರಿಂದ ಅವರು ಅವನ್ನು ಗಣಿತದ ಪುಸ್ತಕದೊಳಗಿಟ್ಟು ಓದಿದರು. ಮದರಾಸಿನಿಂದ 1949ರಲ್ಲಿ ಕನ್ನಡದಲ್ಲಿ ಹೊರಟ ‘ಚಂದಮಾಮ’ವು ಬೇತಾಳನನ್ನು ತೊಳೆದು ಶುಚಿಮಾಡಿ ಮಕ್ಕಳ ಮುಂದೆ ತಂದು, ಬಹುಕಾಲ ತಿಂಗಳಿಗೊಂದು ಒಗಟನ್ನು ಕೊಟ್ಟಿತು. ಆ ಪತ್ರಿಕೆಯೂ ನಿಂತುಹೋಯಿತು.

ಆದರೂ ಕನ್ನಡಿಗರ ಕೈಯಲ್ಲಿರುವ ಹಳೆಯ ಸ್ವತ್ತೊಂದನ್ನು ಮರೆಯಬಾರದು. ಚಾಲುಕ್ಯ ಜಯಸಿಂಹನ ಕಾಲದಲ್ಲಿ, ಕ್ರಿ.ಶ. 1031ರ ಸುಮಾರಿಗೆ, ದುರ್ಗಸಿಂಹನು ವಸುಭಾಗಭಟ್ಟನ ಪಾಠವನ್ನು ಅನುಸರಿಸಿ ಪಂಚತಂತ್ರವನ್ನು ಚಂಪೂರೂಪದಲ್ಲಿ ಕನ್ನಡಕ್ಕೆ ತಂದನು. ಪೊಟರೆಯ ಕಥೆಯು ಅದರಲ್ಲಿಯೂ ಇದೆ. ಪಾಪಬುದ್ಧಿಯು ಅಲ್ಲಿ ದುಷ್ಟಬುದ್ಧಿ, ಮರವು ಆಲದ ಮರ. ‘ವೃಕ್ಷಸಾಕ್ಷಿ’ ಎಂಬ ಹೆಸರಿನಿಂದ ಅದು ಕರ್ನಾಟಕದ ಹತ್ತನೆಯ ತರಗತಿಯ ಹುಡುಗರಿಗೆ ಪಾಠವಾಗಿ ಬಂದಿತು. ಹಳಗನ್ನಡದ ಪದಗಳಿಗೆ ಅರ್ಥ ಬರೆಸಿ, ಸಂಧಿ ಬಿಡಿಸಿ, ಸಮಾಸ ಹೇಳುವಷ್ಟರಲ್ಲಿ ಕಳ್ಳನೂ ಮರವೂ ಪರೀಕ್ಷೆಯ ಪ್ರಶ್ನೆಗಳಾಗಿ ಒಣಗಿಬಿಡುವುದುಂಟು. ಹನ್ನೆರಡು ವರ್ಷದ ವ್ಯಾಕರಣದ ಲೆಕ್ಕ ಹಾಕಿದ ಆ ಮಂತ್ರಿಯು ಇನ್ನೂ ನಿವೃತ್ತನಾಗಿಲ್ಲ! ಅದಲ್ಲದೆ, ತಂದೆಯು ಪೊಟರೆಯಲ್ಲಿ ಅಡಗುವ ಸಂಗತಿಯನ್ನು ಕವಿಯು ಮೊದಲೇ ಹೇಳಿಬಿಡುವನು. ಆಗ ಬೆರಗು ಸಭೆಯವರಿಗೆ ಮಾತ್ರ, ಓದುಗನಿಗಿಲ್ಲ. ಅದೊಂದನ್ನು ಮುಚ್ಚಿಟ್ಟು, ಮನೆಯಲ್ಲಿ ಊಟವಾದ ಮೇಲೆ ತಿಳಿಗನ್ನಡದಲ್ಲಿ ಕಥೆಯನ್ನು ಹೇಳುತ್ತ ಬಂದು, ಧರ್ಮಬುದ್ಧಿಯೇ ಕಳ್ಳನೆಂದು ಆಲದ ಮರವು ಸಭೆಯ ಮುಂದೆ ಗಟ್ಟಿಯಾಗಿ ನುಡಿದಲ್ಲಿಗೆ ನಿಲ್ಲಿಸಿ ದೀಪವನ್ನು ಆರಿಸಿದರೆ, ಹುಡುಗನು ಹಾಸಿಗೆಯಿಂದಲೇ ಕೇಳುವುದು ರಾಜಕುಮಾರರು ಕೇಳಿದ ಆ ಹಳೆಯ ಪ್ರಶ್ನೆಯನ್ನೇ: ಅದು ಹೇಗೆ?